ಡಬ್ಬಿ ಹುಡುಕುವ ಆಟ: ಕಾರವಾರ, ಶಿರಸಿ ಕಡೆಯ ಮನೆಮಂದಿಗೆ ಸಮಗ್ರ ಮಾರ್ಗದರ್ಶಿ

ಮೊದಲೇ ಹೇಳಿಬಿಡುತ್ತೇನೆ, ಹೊರಗೆ ಹೋದಾಗ 'ನಿಧಿ ಹುಡುಕ್ತಿದ್ದೇವೆ' ಅಂತ ಮಾತ್ರ ಅನ್ನಬೇಡಿ. ಶಿರಸಿ ಹತ್ತಿರದ ನನ್ನ ತವರೂರಿನಲ್ಲಿ ನಮ್ಮ ಮಕ್ಕಳಿಬ್ಬರು ಆಲದ ಮರದ ಬುಡದಲ್ಲಿ ಕೋಲು ಹಿಡಿದು ಕುಕ್ಕುತ್ತಾ ಕೂತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಬೈಕು ನಿಲ್ಲಿಸಿ 'ಎಂತ ಹುಡುಕ್ತಾ ಇದ್ರಿ?' ಅಂದರು. ಸಣ್ಣವನು ಎದೆಯುಬ್ಬಿಸಿ 'ನಿಧಿ!' ಅಂದ. ಅವರ ಮುಖ ನೋಡಬೇಕಿತ್ತು. ನಮ್ಮ ಕಡೆ ನಿಧಿ ಅಂದರೆ ಅಮಾವಾಸ್ಯೆ ರಾತ್ರಿ, ಲಿಂಬೆಹಣ್ಣು, ಕುಂಕುಮ, ಪಾಳುಗುಡಿಯೊಳಗೆ ಹಾರೆ, ಆಮೇಲೆ ಪೊಲೀಸ್ ಕೇಸು. ನಾನು ಓಡಿ ಹೋಗಿ, ಡಬ್ಬಿ ತೆರೆದು, ಒಳಗಿನ ಪೆನ್ಸಿಲ್ಲು, ನಾಲ್ಕು ಗೋಲಿ, ಒಂದು ಮೊಂಡು ರಬ್ಬರ್ ತೋರಿಸಿದ ಮೇಲೆ 'ಇಷ್ಟಕ್ಕೇ ಈ ಬಿಸಿಲಲ್ಲಿ ಬಂದ್ರಾ?' ಅಂದು ನಗುತ್ತಾ ಹೋದರು.

ಹೌದು, ಇಷ್ಟಕ್ಕೇ. ಯಾರೋ ಒಂದು ಡಬ್ಬಿ ಬಚ್ಚಿಡುತ್ತಾರೆ. ಅದು ಇರುವ ಜಾಗದ ಅಕ್ಷಾಂಶ, ರೇಖಾಂಶ ಬರೆದು ಕೊಡುತ್ತಾರೆ. ಉಳಿದವರು ಫೋನಿನ ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರುವುದು. ಇದಕ್ಕೆ ಜಿಯೋಕ್ಯಾಶಿಂಗ್ ಅನ್ನುತ್ತಾರೆ. ಇಲ್ಲಿ ಕ್ಯಾಶ್ ಅಂದರೆ ದುಡ್ಡಲ್ಲ, ಬಚ್ಚಿಟ್ಟ ಸಾಮಾನು.

ಆಟ ಹುಟ್ಟಿದ್ದೂ ಒಂದು ತಮಾಷೆಯೇ. 2000ನೇ ಇಸವಿಯ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತಕ್ಕೆ ಅಮೆರಿಕ ಸರಕಾರ ಬೇಕಂತಲೇ ತಪ್ಪು ಸೇರಿಸುತ್ತಿತ್ತು. ಮೇ 2ಕ್ಕೆ ಅದನ್ನು ತೆಗೆದರು. ಮರುದಿನವೇ ಆರೆಗನ್ ರಾಜ್ಯದ ಡೇವ್ ಉಲ್ಮರ್ ಎಂಬಾತ, ಈಗ ನಿಜಕ್ಕೂ ಅಷ್ಟು ಸರಿ ತೋರಿಸುತ್ತದಾ ನೋಡೋಣ ಅಂತ, ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಸ್ತಕ, ಬೀನ್ಸ್ ಡಬ್ಬ ಎಲ್ಲ ಹಾಕಿ ಕಾಡಿನಂಚಿನಲ್ಲಿ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದ. ಬೇಗನೇ ಜನ ಹುಡುಕಿಯೇಬಿಟ್ಟರು. ಆ ಬೀನ್ಸ್ ಡಬ್ಬಕ್ಕೆ ಈಗ ಅವಕಾಶವಿಲ್ಲ, ತಿನ್ನುವ ವಸ್ತು ಇಡಬಾರದು ಅಂತ ನಿಯಮ ಬಂದಿದೆ. ನಮ್ಮ ಕಡೆಯಂತೂ ತಿಂಡಿ ಇಟ್ಟರೆ ಮೊದಲು ಇರುವೆ, ಆಮೇಲೆ ಮಂಗ. ಕಡೆಗೆ ಡಬ್ಬಿಯೇ ಇರುವುದಿಲ್ಲ.

ಇನ್ನೊಂದು ಮಾತು. ಆಟದ್ದೇ ಹೆಸರಿನ 'ಜಿಯೋಕ್ಯಾಶಿಂಗ್' ಆ್ಯಪ್ ತೆರೆದು ನಮ್ಮ ಜಿಲ್ಲೆ ನೋಡಿದರೆ ನಕ್ಷೆ ಹೆಚ್ಚುಕಡಿಮೆ ಖಾಲಿ ಅನ್ನಿಸುತ್ತದೆ. ಇದನ್ನು ನೋಡಿ ನಾನೂ ಮೊದಲು ಬಿಟ್ಟುಬಿಟ್ಟಿದ್ದೆ. ಆಮೇಲೆ ಹೊಳೆಯಿತು, ಡಬ್ಬಿ ಇಲ್ಲದಿದ್ದರೆ ನಾವೇ ಇಟ್ಟರಾಯ್ತಲ್ವಾ? ಮೂರು ಮನೆಯವರು ಸೇರಿಕೊಂಡೆವು. ಒಂದು ಭಾನುವಾರ ಒಬ್ಬರು ಇಡುವುದು, ಉಳಿದವರು ಹುಡುಕುವುದು. ಈಗ ನನ್ನ ಲೆಕ್ಕದಲ್ಲಿ ಹುಡುಕುವುದಕ್ಕಿಂತ ಇಡುವುದರಲ್ಲೇ ಮಜಾ ಜಾಸ್ತಿ. ಹಾಗಾಗಿ ಈ ಬರಹದಲ್ಲೂ ಇಡುವ ಭಾಗವೇ ಉದ್ದ ಇದೆ.

ಮೊದಲು ಬೇಕಾದ ಸಾಮಾನು

ಜಿಪಿಎಸ್ ಇರುವ ಒಂದು ಫೋನ್ ಸಾಕು, ಹಳೆಯದಾದರೂ ಅಡ್ಡಿಲ್ಲ. ಜಿಪಿಎಸ್‌ಗೆ ಸಿಮ್ಮೂ ಬೇಡ, ನೆಟ್‌ವರ್ಕೂ ಬೇಡ. ಅದು ನೇರ ಉಪಗ್ರಹದ ಸಂಕೇತ ಹಿಡಿಯುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಗೆ ಒಂದು ತಿರುವು ದಾಟಿದರೆ ಸಿಗ್ನಲ್ ಹೋಗುವುದು ನಿಮಗೆ ಗೊತ್ತೇ ಇದೆ. ಮನೆಯಿಂದ ಹೊರಡುವ ಮೊದಲೇ ಆ ಭಾಗದ ನಕ್ಷೆ ಡೌನ್‌ಲೋಡ್ ಮಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದಲ್ಲಿ ಜಿಪಿಎಸ್ ಜಾಗ ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಬಯಲಿನಲ್ಲಿ ಎರಡು ಮೂರು ನಿಮಿಷ ಸುಮ್ನೆ ನಿಲ್ಲಿ.

ಜೊತೆಗೆ ಪೆನ್ಸಿಲ್, ನೀರಿನ ಬಾಟಲಿ, ಮೊಣಕಾಲೆತ್ತರದ ಒಂದು ಕೋಲು, ಕಸ ತುಂಬಲು ಒಂದು ಚೀಲ. ಆಟದ ಆ್ಯಪ್‌ನಲ್ಲಿ ಉಚಿತ ಖಾತೆ ತೆರೆದರೆ ಸುಲಭದ ಡಬ್ಬಿಗಳು ಸಿಗುತ್ತವೆ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಖಾತೆ ಶುರುವಿಗೆ ಬೇಡವೇ ಬೇಡ. ವಿದೇಶದಿಂದ ಯಾರಾದರೂ ತಂದುಕೊಟ್ಟ ಉಪಗ್ರಹ ಸಂದೇಶದ ಉಪಕರಣ ಮನೆಯಲ್ಲಿದ್ದರೆ ಅದನ್ನಂತೂ ಒಯ್ಯಬೇಡಿ. ಅಂಥವಕ್ಕೆ ನಮ್ಮ ದೇಶದಲ್ಲಿ ಪರವಾನಗಿ ಬೇಕು.

ಅಂಕಿ ಓದುವುದು ಕಲಿಯಿರಿ

ಇಲ್ಲಿ ಎಡವದವರಿಲ್ಲ. ಕಾರವಾರದ ಅಕ್ಷಾಂಶ ಸುಮಾರು 14.81 ಡಿಗ್ರಿ. ಫೋನಿನ ನಕ್ಷೆ ಹೀಗೆ ದಶಮಾಂಶದಲ್ಲಿ ತೋರಿಸುತ್ತದೆ. ಆಟದ ಆ್ಯಪ್ ಇದೇ ಜಾಗವನ್ನು 14 ಡಿಗ್ರಿ 48.600 ನಿಮಿಷ ಅನ್ನುತ್ತದೆ. ಎರಡೂ ಒಂದೇ. ಒಂದು ಡಿಗ್ರಿಗೆ 60 ನಿಮಿಷ, ಆದ್ದರಿಂದ 0.81ನ್ನು 60ರಿಂದ ಗುಣಿಸಿದರೆ 48.6. ಮಗಳು ಆಗ ಐದನೇ ಕ್ಲಾಸು. ದಶಮಾಂಶ ಅಂದರೆ ಮುಖ ತಿರುಗಿಸುತ್ತಿದ್ದವಳು ಈ ಗುಣಾಕಾರವನ್ನು ಮಾತ್ರ ತಾನೇ ಮಾಡುತ್ತೇನೆ ಅಂತ ಹಟ ಹಿಡಿಯುತ್ತಾಳೆ.

ನಾನು ಮೊದಲ ಸಲ ಏನು ಮಾಡಿದೆ ಗೊತ್ತಾ? 14 ಡಿಗ್ರಿ 48.6 ನಿಮಿಷ ಅಂತ ಇದ್ದಿದ್ದನ್ನು 14.486 ಅಂತ ಹೊಡೆದೆ. ರೇಖಾಂಶವನ್ನೂ ಹಾಗೇ ಕೆಡಿಸಿದೆ. ಮನೆ ಹತ್ತಿರದ ಡಬ್ಬಿ ಸುಮಾರು 36 ಕಿಲೋಮೀಟರ್ ದಕ್ಷಿಣಕ್ಕೆ ಹಾರಿ, ಗೋಕರ್ಣದಾಚೆ ಸಮುದ್ರದ ಮಧ್ಯೆ ಬಿತ್ತು. ಮನೆಯವರು 'ದೋಣಿ ಬಾಡಿಗೆ ಎಷ್ಟಂತೆ?' ಅಂತ ಈಗಲೂ ಕೇಳುತ್ತಾರೆ.

ಇನ್ನೊಂದು ಲೆಕ್ಕ ತಲೆಯಲ್ಲಿ ಇರಲಿ. ನಿಮಿಷದ ಮೂರನೇ ದಶಮಾಂಶ ಒಂದು ಹೆಚ್ಚುಕಡಿಮೆ ಆದರೆ ನೆಲದ ಮೇಲೆ 1.8 ಮೀಟರ್ ಆಚೀಚೆ. ಅಂದರೆ 48.600 ಮತ್ತು 48.605ರ ನಡುವೆ ಒಂಬತ್ತು ಮೀಟರ್. ಒಂದು ಅಂಕಿ ಬಿಟ್ಟು ಬರೆದರೆ ಮಕ್ಕಳು ಬೇರೆಯವರ ಪಾಗಾರ ಹತ್ತುತ್ತಾರೆ.

ಹುಡುಕುವುದು ಹೇಗೆ

ಆ್ಯಪ್‌ನಲ್ಲಿ ಒಂದೊಂದು ಡಬ್ಬಿಗೂ ಎರಡು ಅಂಕ ಇರುತ್ತದೆ. ಒಂದು ಹುಡುಕುವ ಕಷ್ಟಕ್ಕೆ, ಇನ್ನೊಂದು ದಾರಿಯ ಕಷ್ಟಕ್ಕೆ. ಎರಡೂ 1ರಿಂದ 5. ಮಕ್ಕಳ ಜೊತೆ ಮೊದಲ ಸಲ ಎರಡೂ 1.5ರ ಒಳಗಿರುವುದನ್ನೇ ಆರಿಸಿ. ಅಳತೆಯನ್ನೂ ನೋಡಿ. ಅತಿ ಸಣ್ಣದು ಅಂದರೆ 100 ಮಿಲಿಲೀಟರಿಗಿಂತ ಕಮ್ಮಿ, ಹಳೆಯ ಕ್ಯಾಮೆರಾ ರೀಲಿನ ಡಬ್ಬಿಯಷ್ಟು. ಸಣ್ಣದು ಒಂದು ಲೀಟರಿನ ಒಳಗೆ. ಸಣ್ಣ ಮಕ್ಕಳಿಗೆ ಅತಿ ಸಣ್ಣ ಡಬ್ಬಿ ಬೇಡ. ಅದರೊಳಗೆ ಒಂದು ಸುರುಳಿ ಕಾಗದ ಬಿಟ್ಟರೆ ಏನೂ ಇರುವುದಿಲ್ಲ, 'ಇದೆಂತಾ ನಿಧಿ' ಅಂತ ಅಳು ಶುರು.

ನಡೆಯುತ್ತಾ ಹೋಗಿ. ಇನ್ನು ಹತ್ತು ಮೀಟರ್ ಅಂದಾಗ ಫೋನನ್ನು ಕಿಸೆಗೆ ಹಾಕಿ. ಇದು ನಾನು ಕಲಿತ ಮುಖ್ಯ ಪಾಠ. ಬಯಲಲ್ಲೇ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪುತ್ತದೆ. ಅಡಿಕೆ ತೋಟದೊಳಗೆ, ದಟ್ಟ ಮರದಡಿ, ಗುಡ್ಡದ ಓರೆಯಲ್ಲಿ ಹತ್ತಿಪ್ಪತ್ತು ಮೀಟರ್ ಸಹ ಹೋಗಬಹುದು. ಬಾಣದ ಗುರುತು ಆ ಕಡೆ ಈ ಕಡೆ ಕುಣಿಯುತ್ತದೆ, ಅದರ ಹಿಂದೆ ಹೋದವರು ಸುತ್ತು ಹೊಡೆಯುತ್ತಲೇ ಇರುತ್ತಾರೆ. ಫೋನ್ ಒಳಗಿಟ್ಟು, ನಿಂತು, ನೋಡಿ. ನಾನೇ ಇಡುವುದಾಗಿದ್ದರೆ ಎಲ್ಲಿ ಇಡುತ್ತಿದ್ದೆ? ಸುತ್ತ ಎಲ್ಲ ಪಾಚಿಗಟ್ಟಿದ ಕಲ್ಲು, ಒಂದು ಕಲ್ಲಿನ ಮೇಲೆ ಮಾತ್ರ ಪಾಚಿ ಇಲ್ಲ. ಉದುರಿದ ಎಲೆಗಳೆಲ್ಲ ಹೇಗೆಂದರೆ ಹಾಗೆ ಬಿದ್ದಿವೆ, ಒಂದು ಕಡೆ ಮೂರು ಕಡ್ಡಿ ಸಾಲಾಗಿ ಮಲಗಿವೆ. ಪ್ರಕೃತಿ ಸಾಲಾಗಿ ಜೋಡಿಸುವುದಿಲ್ಲ, ಮನುಷ್ಯರು ಜೋಡಿಸುತ್ತಾರೆ. ಇಂಥದ್ದು ಮಕ್ಕಳ ಕಣ್ಣಿಗೆ ಬೇಗ ಬೀಳುತ್ತದೆ. ನಾವು ಎದೆಯೆತ್ತರದಲ್ಲಿ ನೋಡುತ್ತೇವೆ, ಅವರು ಮೊಣಕಾಲೆತ್ತರದಲ್ಲಿ.

ಕೈ ಹಾಕುವ ಮೊದಲು ಕೋಲು. ಚಿರೇಕಲ್ಲಿನ ಪಾಗಾರದ ಸಂದಿಯಲ್ಲಿ ಚೇಳು, ಹಾವು ಇರುವುದು ಹೊಸ ವಿಷಯವೇನಲ್ಲ. ಮೊದಲು ಕೋಲಿನಿಂದ ತಟ್ಟಬೇಕು, ಸ್ವಲ್ಪ ಕಾಯಬೇಕು, ಟಾರ್ಚ್ ಬಿಡಬೇಕು, ಆಮೇಲೆ ಕೈ. ನಮ್ಮಲ್ಲಿ ಈ ನಿಯಮ ಮುರಿದವರಿಗೆ ಮುಂದಿನ ಭಾನುವಾರ ಆಟ ಇಲ್ಲ. ನಾನೂ ಒಂದು ವಾರ ಮನೆಯಲ್ಲಿ ಕೂತಿದ್ದೇನೆ.

ಡಬ್ಬಿ ಸಿಕ್ಕಿದ ಮೇಲೆ ಪುಸ್ತಕದಲ್ಲಿ ಹೆಸರು ಬರೆಯಿರಿ. ಒಳಗಿನ ಆಟದ ಸಾಮಾನು ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೋ ಸ್ವಲ್ಪ ಜಾಸ್ತಿಯದ್ದೋ ಒಂದು ಹಾಕಿ. ಮುಚ್ಚಳ ಬಿಗಿಯಾಗಿ ಹಾಕಿ, ಇದ್ದ ಹಾಗೇ ಇಡಿ. 'ಇನ್ನೂ ಒಳ್ಳೆ ಜಾಗ' ಕಂಡಿತು ಅಂತ ಬದಲಿಸಬೇಡಿ. ದಾರಿಯಲ್ಲಿ ಕಂಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಬನ್ನಿ. ಇದೂ ಆಟದ ಹಳೆಯ ಪದ್ಧತಿಯೇ. ನಮ್ಮ ಕಡಲತೀರದಲ್ಲಂತೂ ಚೀಲ ಬೇಗ ತುಂಬುತ್ತದೆ.

ಇನ್ನು ನೀವೇ ಇಡುವುದು

ನಮ್ಮ ಮೊದಲ ಡಬ್ಬಿ ಒಂದು ಹಳೆಯ ಸ್ಟೀಲಿನ ತಿಂಡಿ ಡಬ್ಬಿ. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಮರುದಿನ ಹೋದರೆ ಇಲ್ಲ. ಗುಜರಿಯವರು ಬಿಡುತ್ತಾರಾ? ಎರಡನೆಯದು ಐಸ್‌ಕ್ರೀಮ್ ಡಬ್ಬಿ. ಜೂನ್ ತಿಂಗಳ ಎರಡು ಮಳೆ ಕಳೆದು ತೆರೆದರೆ ಪುಸ್ತಕ ಅಂಬಲಿ ಆಗಿತ್ತು, ಪೆನ್ನಿನ ನೀಲಿ ಎಲ್ಲ ಕದಡಿ. ಘಟ್ಟದ ಕೆಳಗಿನ ಮಳೆಗೆ ಐಸ್‌ಕ್ರೀಮ್ ಮುಚ್ಚಳ ಯಾವ ಲೆಕ್ಕ.

ಈಗ ಮಾಡುವುದು ಹೀಗೆ. ನಾಲ್ಕು ಕಡೆ ಕ್ಲಿಪ್ ಇದ್ದು ಒಳಗೆ ರಬ್ಬರ್ ಪಟ್ಟಿ ಇರುವ ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ. ಒಳಗೆ ಒಂದು ಒಣ ಟಿಶ್ಯೂ ಕಾಗದ ಮತ್ತು ಭಾರಕ್ಕೆ ಕಲ್ಲು ಇಟ್ಟು, ರಾತ್ರಿ ಪೂರ್ತಿ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗದೆ ಇದ್ದರೆ ಡಬ್ಬಿ ಪಾಸು. ಮಕ್ಕಳಿಗೆ ಈ ಪರೀಕ್ಷೆ ಎಷ್ಟು ಇಷ್ಟ ಅಂದರೆ ನಮ್ಮ ಅಡುಗೆಮನೆಯ ಒಂದು ಡಬ್ಬಿಯೂ ನೀರು ಕಾಣದೆ ಉಳಿದಿಲ್ಲ. ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಕತ್ತರಿಸಿ, ಹೊಲಿದು, ಜಿಪ್ ಇರುವ ಪುಟ್ಟ ಚೀಲದಲ್ಲಿ ಹಾಕಿ. ಪೆನ್ ಬೇಡ, ಪೆನ್ಸಿಲ್ ಇರಲಿ, ಅದರ ಬರಹ ನೀರಿಗೆ ಕದಡುವುದಿಲ್ಲ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಪೊಟ್ಟಣ ಒಂದಿರಲಿ. ಸಣ್ಣ ಮಕ್ಕಳು ಬಾಯಿಗೆ ಹಾಕದ ಹಾಗೆ ಮುಚ್ಚಳಕ್ಕೆ ಅಂಟಿಸಿ. ಡಬ್ಬಿಯ ಮೇಲೆ ದೊಡ್ಡದಾಗಿ 'ಇದು ಮಕ್ಕಳ ಆಟದ ಡಬ್ಬಿ, ಅಪಾಯವಿಲ್ಲ' ಅಂತ ಕನ್ನಡದಲ್ಲಿ ಬರೆದು ನಿಮ್ಮ ಫೋನ್ ನಂಬರ್ ಹಾಕಿ. ಕಾರವಾರದ ಕಡೆ ಕೊಂಕಣಿ, ಹಿಂದಿಯಲ್ಲೂ ಒಂದೊಂದು ಸಾಲು ಬರೆದರೆ ಒಳ್ಳೆಯದು. ಒಳಗಿರುವುದು ಹೊರಗೇ ಕಾಣುವ ಹಾಗಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಪಾರದರ್ಶಕ ಅಂದಿದ್ದು ಅದಕ್ಕೇ.

ಮರೆಮಾಡಲು ಅಂಗಡಿಯ ಬಣ್ಣ ಬೇಡ. ಘಟ್ಟದ ಮೇಲೆ ಅಡಿಕೆ ಹಾಳೆ, ಕೆಳಗೆ ತೆಂಗಿನ ಸಿಪ್ಪೆ. ಒದ್ದೆ ಹಾಳೆಯನ್ನು ಡಬ್ಬಿಯ ಮೇಲೆ ಸಡಿಲವಾಗಿ ಬಗ್ಗಿಸಿ ಬಿಟ್ಟರೆ ಒಣಗಿದಾಗ ಗೂಡಿನಂತೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಬೇಕಾದಾಗ ಎತ್ತಬಹುದು. ತೋಟದಲ್ಲಿ ಬಿದ್ದ ನೂರು ಹಾಳೆಯಲ್ಲಿ ಅದು ನೂರಾ ಒಂದನೆಯದು. ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಬದಲಿಸಿದರಾಯ್ತು. ಹೂಳುವುದು ಮಾತ್ರ ಬೇಡ. ಆಟದ ನಿಯಮವೇ ಹಾಗೆ, ನೆಲ ಅಗೆಯಬಾರದು. ಮರಕ್ಕೆ ಮೊಳೆ ಹೊಡೆಯಬಾರದು.

ಇಟ್ಟ ಮೇಲೆ ಅಂಕಿ ತೆಗೆದುಕೊಳ್ಳಿ. ಫೋನನ್ನು ಡಬ್ಬಿಯ ಮೇಲೆ ಎರಡು ನಿಮಿಷ ಇಟ್ಟು ಬರೆದುಕೊಳ್ಳಿ. ಐವತ್ತು ಹೆಜ್ಜೆ ದೂರ ಹೋಗಿ ಬೇರೆ ದಿಕ್ಕಿನಿಂದ ಬಂದು ಮತ್ತೆ ಬರೆದುಕೊಳ್ಳಿ. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯಿರಿ. ಒಂದೇ ಸಲದ ಅಂಕಿ ನಂಬಿದರೆ ಹುಡುಕುವವರು ನಿಮ್ಮನ್ನು ಬೈಯುತ್ತಾರೆ, ಬೈಯಬೇಕಾದ್ದೇ.

ಮೂರು ಮನೆಯ ಆಟ ಸಾಕು ಅಂದರೆ ಅಂಕಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಮುಗಿಯಿತು. ಊರಿಗೆಲ್ಲ ತೆರೆದಿಡಬೇಕು ಅಂದರೆ ಆ್ಯಪ್‌ನಲ್ಲಿ ಹಾಕಬೇಕು. ಅಲ್ಲಿ ಸ್ವಯಂಸೇವಕರು ನೋಡಿ ಒಪ್ಪಿದ ಮೇಲೆ ನಕ್ಷೆಗೆ ಬರುತ್ತದೆ. ಬೇರೆ ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು, ಜಾಗದವರ ಒಪ್ಪಿಗೆ ಬೇಕು. ಆಗಾಗ ಹೋಗಿ ನೋಡಿಕೊಳ್ಳುವ ಜವಾಬ್ದಾರಿಯೂ ನಿಮ್ಮದೇ. ರಜೆಗೆ ಬಂದು ಇಟ್ಟು ಹೋಗುವುದಲ್ಲ.

ಒಪ್ಪಿಗೆ ಕೇಳಲು ಸಂಕೋಚ ಬೇಡ. ತೋಟದವರ ಮನೆಗೆ ಹೋಗಿ ಕೇಳಿದರೆ ಮೊದಲು ಕುಡಿಯಲು ಆಸರಿ, ಆಮೇಲೆ ಎಲೆಅಡಿಕೆಯ ಕವಳ, ಆಮೇಲೆ ಮಾತು. ನಮಗೆ ಒಬ್ಬರೂ ಇಲ್ಲ ಅಂದಿಲ್ಲ. ಒಬ್ಬರು ಮಾತ್ರ 'ಅಡಿಕೆ ಕೊಳೆರೋಗಕ್ಕೆ ಮದ್ದು ಹೊಡೆಯೋ ದಿನ ಬರ್ಬೇಡಿ' ಅಂದರು. ನ್ಯಾಯವೇ. ಮೈಲುತುತ್ತದ ದ್ರಾವಣ ಮಕ್ಕಳ ತಲೆ ಮೇಲೆ ಬೀಳುವುದು ಬೇಡ.

ಅಂಕಿಗೆ ಒಗಟು ಸೇರಿಸಿ

ಬರೀ ಅಂಕಿ ಬೇಜಾರು. ಕೊನೆಯ ಹತ್ತು ಮೀಟರಿಗೆ ಒಂದು ಒಗಟು ಕೊಡಿ. ನಮ್ಮ ಮನೆಯಲ್ಲಿ ಕಟ್ಟಿದ ಎರಡು: 'ಬಗ್ಗಿದರೆ ನಿನ್ನ ಮುಖ ತೋರಿಸ್ತೇನೆ, ಕೂಗಿದರೆ ನಿನ್ನ ಮಾತೇ ವಾಪಸ್ ಕೊಡ್ತೇನೆ'. ಇದು ಬಾವಿ. ಡಬ್ಬಿ ಇದ್ದಿದ್ದು ಪಕ್ಕದ ಬಟ್ಟೆ ಒಗೆಯುವ ಕಲ್ಲಿನಡಿ. ಬಾವಿಕಟ್ಟೆಯ ಮೇಲೆ ಯಾವತ್ತೂ ಇಡಬೇಡಿ, ಮಕ್ಕಳು ಬಗ್ಗುತ್ತಾರೆ. ಇನ್ನೊಂದು ಮಗಳದ್ದು: 'ಒಂಟಿ ಕಾಲು, ತಲೆ ಮೇಲೆ ಕೊಡೆ, ಹಾಳೆ ಕೊಡ್ತೇನೆ ಆದ್ರೆ ಬರೆಯೋಕೆ ಬರಲ್ಲ'. ಅಡಿಕೆ ಮರ. ಬೆಂಗಳೂರಿನಿಂದ ಬಂದ ತಂಗಿಯ ಮಕ್ಕಳು ಅರ್ಧ ಗಂಟೆ ಪುಸ್ತಕದಂಗಡಿ, ಶಾಲೆ ಅಂತ ತಲೆ ಕೆಡಿಸಿಕೊಂಡರು.

ಕಾರವಾರದಲ್ಲಿ ಡಬ್ಬಿ ಇಲ್ಲದೆಯೂ ಅಂಕಿ ಕಟ್ಟಬಹುದು. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿದ ಚಪಲ್ ಯುದ್ಧನೌಕೆಯ ಮೇಲೆ ಕ್ಷಿಪಣಿಯ ಪೆಟ್ಟಿಗೆಗಳು ಎಷ್ಟು? ಹತ್ತಿರವೇ ತಂದು ಜೋಡಿಸಿದ ಟುಪೊಲೆವ್ ವಿಮಾನಕ್ಕೆ ಎಂಜಿನ್ ಎಷ್ಟು? ಎಣಿಸಿದ ಅಂಕಿಗಳೇ ಮುಂದಿನ ಡಬ್ಬಿಯ ರೇಖಾಂಶದ ಕೊನೆಯ ಅಂಕಿಗಳು. ಉತ್ತರ ನಾನು ಹೇಳುವುದಿಲ್ಲ, ಹೋಗಿ ಎಣಿಸಿ. ಹಾಗೇ ಶಾಲ್ಮಲಾ ಹೊಳೆಯ ಸಹಸ್ರಲಿಂಗದಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಗಡಿಯಾರ ಹಿಡಿದು ಹತ್ತು ನಿಮಿಷದಲ್ಲಿ ಯಾರು ಜಾಸ್ತಿ ನಂದಿ ಎಣಿಸುತ್ತಾರೆ ನೋಡಿ. ಆ ಕಲ್ಲುಗಳ ಸಂದಿಯಲ್ಲಿ ಮಾತ್ರ ಏನನ್ನೂ ಇಡಬೇಡಿ.

ಎಲ್ಲಿ ಬೇಡ

ಗುಡಿ, ಬಸದಿ, ಮಿರ್ಜಾನದಂಥ ಕೋಟೆ, ಬನವಾಸಿಯ ಕಲ್ಲು ಕಂಬ, ಇವುಗಳ ಒಳಗೂ ಗೋಡೆಯ ಸಂದಿಯಲ್ಲೂ ಬೇಡ. ಸಂರಕ್ಷಿತ ಸ್ಮಾರಕಕ್ಕೆ ಕಾನೂನು ಇದೆ. ಅಕಸ್ಮಾತ್ ನಿಜವಾದ ಹಳೆಯ ನಾಣ್ಯವೇ ಸಿಕ್ಕಿಬಿಟ್ಟರೆ ಕಿಸೆಗೆ ಹಾಕಬೇಡಿ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಸರಕಾರಕ್ಕೆ ತಿಳಿಸಬೇಕು. ನೌಕಾನೆಲೆಯ ಬೇಲಿ, ಅರಗದ ಸುತ್ತಮುತ್ತ, ಕೈಗಾ ಅಣುಸ್ಥಾವರ, ಬಂದರು, ರೈಲು ಹಳಿ, ಸೇತುವೆ ಕೆಳಗೆ, ಇಲ್ಲೆಲ್ಲ ಮುಚ್ಚಿದ ಡಬ್ಬಿ ಇಡುವುದು ಅಂದರೆ ಬಾಂಬ್ ಪತ್ತೆ ದಳವನ್ನು ಮನೆಗೆ ಕರೆದ ಹಾಗೆ. ಮೀಸಲು ಅರಣ್ಯ, ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಸಿಂಗಳೀಕಕ್ಕೆಂದು ಮೀಸಲಿಟ್ಟ ಅಘನಾಶಿನಿ ಕಾಡು, ಇವೂ ಬೇಡ. ನಿಮ್ಮದೇ ಬೆಟ್ಟ, ನೆಂಟರ ತೋಟ, ಒಪ್ಪಿಗೆ ಕೊಟ್ಟ ಶಾಲೆಯ ಮೈದಾನ ಸಾಲದಾ?

ಸಮುದ್ರ, ಉಂಬಳ, ಉಣುಗು

ಕಡಲತೀರದಲ್ಲಿ ಇಡುವುದಾದರೆ ಉಬ್ಬರದ ಗೆರೆಗಿಂತ ಮೇಲೆ ಇಡಿ. ಒಣಗಿದ ಕಸ, ಚಿಪ್ಪು, ಚಪ್ಪಲಿ ಸಾಲಾಗಿ ಬಿದ್ದಿರುತ್ತದಲ್ಲ, ಅದೇ ಗೆರೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಇನ್ನೂ ಮೇಲೆ ಬರುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಐದು ಗಂಟೆಗೆ ಬಂಡೆ ಸುತ್ತಿ ಹೋಗಲು ಜಾಗ ಇತ್ತು ಅಂತ ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಹೋದರೆ ದಾರಿ ಇರುವುದಿಲ್ಲ. ಮೀನುಗಾರರನ್ನು ಕೇಳಿ, ಅವರಿಗಿಂತ ಒಳ್ಳೆಯ ಆ್ಯಪ್ ಇಲ್ಲ. ಗೋಕರ್ಣದ ಓಂ, ಹಾಫ್ ಮೂನ್ ಕಡೆಯ ಬಂಡೆಗಳ ಮೇಲೆ ಮಕ್ಕಳ ಆಟ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ಕಡೆ ಆಟವೇ ಬೇಡ. ಹೊನ್ನಾವರದ ಕಾಸರಕೋಡ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡುತ್ತವೆ. ಬಲೆ ಕಟ್ಟಿದ ಜಾಗ ಕಂಡರೆ ದೂರ ನಡೆಯಿರಿ.

ಘಟ್ಟದ ಮೇಲೆ ಮಳೆಗಾಲದ ಶತ್ರು ಉಂಬಳ, ಅಂದರೆ ಜಿಗಣೆ. ಕವಳದ ಸುಣ್ಣ, ಹೊಗೆಸೊಪ್ಪು ಸವರಿದ ಉದ್ದ ಕಾಲುಚೀಲ ಹಾಕಿ. ಹತ್ತಿದರೆ ಎಳೆಯಬೇಡಿ, ಉಪ್ಪು ಹಾಕಿದರೆ ತಾನೇ ಬೀಳುತ್ತದೆ. ಅದರಿಂದ ಸ್ವಲ್ಪ ರಕ್ತ, ಜಾಸ್ತಿ ಗಲಾಟೆ, ಅಷ್ಟೇ. ನಿಜವಾಗಿ ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ಸಿದ್ದಾಪುರ ತಾಲೂಕಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗಬೇಕಾದರೆ ತುಂಬುತೋಳು, ಪ್ಯಾಂಟು ಕಾಲುಚೀಲದೊಳಗೆ, ಆರೋಗ್ಯ ಕೇಂದ್ರದಲ್ಲಿ ಕೊಡುವ ಎಣ್ಣೆ ಮೈಗೆ. ಮನೆಗೆ ಬಂದ ಕೂಡಲೇ ಬಿಸಿನೀರ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಕಾಲೇ ಇಡಬೇಡಿ. ನಾವು ಆ ತಿಂಗಳುಗಳಲ್ಲಿ ಘಟ್ಟದ ಕೆಳಗೇ ಆಡುತ್ತೇವೆ. ಅಕ್ಟೋಬರ್, ನವೆಂಬರಿಗೆ ಮೇಲೆ ಹೋಗುತ್ತೇವೆ.

ಖರ್ಚು ಕೇಳಿದಿರಾ? ಡಬ್ಬಿಗೆ ನೂರು ರೂಪಾಯಿಯ ಒಳಗೆ, ಪೆಟ್ರೋಲು, ವಾಪಸ್ ಬರುವಾಗ ಮಕ್ಕಳು ಹಟ ಮಾಡುವ ಕೋಕಂ ಸೋಡಾ. ಕೊನೆಯದ್ದೇ ಜಾಸ್ತಿ ಆಗುವುದು.

ಮತ್ತೆ, ಫೋನ್ ಮುಟ್ಟದವರನ್ನು ಬಿಡಬೇಡಿ. ಹೋದ ದೀಪಾವಳಿಗೆ ನನ್ನ ಅಮ್ಮ, ಎಪ್ಪತ್ತು ದಾಟಿದವರು, 'ನಾನೂ ಒಂದು ಇಟ್ಟಿದ್ದೇನೆ' ಅಂದರು. ಅಂಕಿ ಇಲ್ಲ, ಏನಿಲ್ಲ. 'ಕೊಟ್ಟಿಗೆ ಬಾಗಿಲಿನಿಂದ ನನ್ನ ಹೆಜ್ಜೆಯಲ್ಲಿ ನಲವತ್ತು, ಆಮೇಲೆ ಸೂರ್ಯ ಮುಳುಗುವ ಕಡೆ ಹನ್ನೆರಡು', ಅಷ್ಟೇ. ಅವರ ಹೆಜ್ಜೆ ಎಷ್ಟು ಉದ್ದ ಅಂತ ಮಗಳು ಅಂಗಳದಲ್ಲಿ ನಡೆಸಿ ಟೇಪು ಹಿಡಿದು ಅಳೆದಳು. ಎರಡು ದಿನ ಹುಡುಕಿದೆವು. ಸಂಕ್ರಾಂತಿಗೆ ಹೋಗಿ ಮತ್ತೆ ಹುಡುಕಿದೆವು. ಅಮ್ಮ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತು, 'ಇಟ್ಟಾಗ ಮಂಡಿನೋವು ಇತ್ತು, ಹೆಜ್ಜೆ ಸಣ್ಣ ಹಾಕಿದ್ದೆ' ಅಂತ ಹೊರಡುವ ಹೊತ್ತಿಗೆ ಹೇಳಿದರು.